ಕುರ್ಚಿಯ ಸದ್ದಿನಡಿ ಸಿಕ್ಕ ಮಾತು

ಸೋಮವಾರ ಬೆಳಿಗ್ಗೆ ಡ್ಯಾಲಸ್ ಪಕ್ಕದ ಲಾಸ್ ಕೊಲಿನಾಸ್‌ನ ವಕೀಲೆ ಫೋನ್ ಮಾಡಿದಾಗ ನಾನು ಒಂದು ವಿಮೆ ಮೊಕದ್ದಮೆಯ ಸಾಕ್ಷ್ಯವನ್ನು ತಿದ್ದುತ್ತಾ ಕೂತಿದ್ದೆ.

"ಆಂಟಿ, ಅದನ್ನ ಪಕ್ಕಕ್ಕಿಡಿ. ಸುಪ್ರೀಂ ಕೋರ್ಟ್ ಕೆಲಸ ಇದೆ."

"ನನ್ನನ್ನು ಯಾವಾಗ ಜಡ್ಜ್ ಮಾಡಿದರು?"

"ಸೀರಿಯಸ್ಲಿ, ಆಂಟಿ. ಹೊಸ ಜಡ್ಜ್‌ದು ಹಿಯರಿಂಗ್ ನೆಕ್ಸ್ಟ್ ವೀಕ್. ನಾವು ಅಪೋಸಿಶನ್ ಸೈಡ್. ಒಂದು ಟೇಪ್ ಸಿಕ್ಕಿದೆ. ನಿಮ್ಮ ಕಿವಿ ಬೇಕು."

ಅಪ್ಪ ಅಮ್ಮ ಮೈಸೂರಿನವರಾದರೂ ಇವಳು ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದವಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಲಸಿ ಮಾತಾಡುತ್ತಾಳೆ. ವಾದ ಜೋರಾದರೆ ಕನ್ನಡ ಪೂರ್ತಿ ಕಾಣೆಯಾಗುತ್ತದೆ. ನನ್ನದು ಕೋರ್ಟಿನ ಶೀಘ್ರಲಿಪಿಯ ಕೆಲಸ. ಸಾಕ್ಷಿ ನುಡಿದದ್ದನ್ನು ನುಡಿದ ಹಾಗೆಯೇ ಒಂದು ಪುಟ್ಟ ಯಂತ್ರದ ಮೇಲೆ ಒತ್ತಿ ದಾಖಲಿಸಬೇಕು, ಆಮೇಲೆ "ಇದು ನಿಜವಾದ ಪ್ರತಿ" ಎಂದು ಸಹಿ ಹಾಕಬೇಕು. ಆ ಸಹಿಯೇ ನಮ್ಮ ಅನ್ನ.

ಈ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಅದಕ್ಕೂ ಮೊದಲು ಸೆನೆಟಿನ ಸಮಿತಿಯೊಂದು ಆ ವ್ಯಕ್ತಿಯನ್ನು ಟಿವಿ ಕ್ಯಾಮರಾಗಳ ಮುಂದೆ ಕೂರಿಸಿಕೊಂಡು ದಿನಗಟ್ಟಲೆ ಪ್ರಶ್ನೆ ಕೇಳುತ್ತದೆ. ಈ ಸಲ ಹೆಸರಿಸಲ್ಪಟ್ಟವರು ಟೆಕ್ಸಸ್‌ನಲ್ಲೇ ಬಹುಕಾಲ ನ್ಯಾಯಾಧೀಶರಾಗಿದ್ದವರು. ವಿರೋಧ ಪಕ್ಷದವರ ಹತ್ತಿರ ಅವರನ್ನು ತಡೆಯುವಷ್ಟು ಮತಗಳಿರಲಿಲ್ಲ. ಅವರ ಕೈಯಲ್ಲಿದ್ದದ್ದು ಪ್ರಶ್ನೆ ಮಾತ್ರ. ಹಾಗಾಗಿ ಒಬ್ಬ ವಿರೋಧಿ ಸೆನೆಟರ್ ಪರವಾಗಿ ನಮ್ಮ ವಕೀಲೆ ಮತ್ತು ಅವಳ ಗೆಳೆಯರು ಆ ನ್ಯಾಯಾಧೀಶರ ಹಳೆಯ ಮಾತು, ಬರಹ, ತೀರ್ಪುಗಳನ್ನೆಲ್ಲ ಜಾಲಾಡುತ್ತಿದ್ದರು.

ಹೂಸ್ಟನ್ನಿನ ಒಂದು ಲಾ ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷಕ್ಕೂ ಹಳೆಯದಾದ ಕ್ಯಾಸೆಟ್ ಒಂದು ಸಿಕ್ಕಿತ್ತು. ಆಗಷ್ಟೇ ನ್ಯಾಯಾಧೀಶರಾಗಿದ್ದ ಅವರು ಅಲ್ಲಿ ಉಪನ್ಯಾಸ ಕೊಟ್ಟಿದ್ದರು. ವಕೀಲರನ್ನಿಡಲು ಗತಿಯಿಲ್ಲದ ಕೈದಿಗಳು ಜೈಲಿನಿಂದ ಕೈಬರಹದಲ್ಲಿ ಕಳಿಸುವ ಅರ್ಜಿಗಳ ಬಗ್ಗೆ ಮಾತು. ಗ್ರಂಥಾಲಯ ಅದನ್ನು ಕಂಪ್ಯೂಟರಿಗೆ ಇಳಿಸಿ ಕೊಟ್ಟಿತ್ತು. ಕಂಪ್ಯೂಟರೇ ತಯಾರಿಸಿದ ಬರಹದಲ್ಲಿ ಒಂದು ವಾಕ್ಯಕ್ಕೆ ಹಳದಿ ಬಣ್ಣ ಬಳಿದಿದ್ದರು: "ಇಂಥ ಅರ್ಜಿಗಳನ್ನು ನಾವು ಪಕ್ಕಕ್ಕೆ ಸರಿಸಿಬಿಡಬಹುದು." ಅದರ ಬೆನ್ನಿಗೇ ಸಭೆಯ ಗೊಳ್ಳೆಂಬ ನಗು.

"ಇಮ್ಯಾಜಿನ್ ಮಾಡಿ ಆಂಟಿ. ಬಡವರ ಅರ್ಜಿ ಎಸೀಬಹುದು ಅಂತ ಜೋಕ್ ಮಾಡಿ ನಗ್ತಿದಾರೆ. ಶುಕ್ರವಾರದೊಳಗೆ ನೀವು ಸೈನ್ ಮಾಡಿ ಕೊಟ್ರೆ ಸೆನೆಟರ್ ಇದನ್ನ ಲೈವ್ ಪ್ಲೇ ಮಾಡ್ತಾರೆ."

ಮಂಗಳವಾರ ಪೂರ್ತಿ ಆ ಒಂದು ವಾಕ್ಯದ ಜೊತೆ ಕಳೆದೆ. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಪೆಡಲ್. ಒತ್ತಿದರೆ ಹಿಂದೆ, ಬಿಟ್ಟರೆ ಮುಂದೆ. ವಾಕ್ಯದ ಹಣೆಬರಹ ಇಂಗ್ಲಿಷಿನ ಎರಡು ಪುಟ್ಟ ಪದಗಳಲ್ಲಿ ಸಿಕ್ಕಿಕೊಂಡಿತ್ತು: "ಕ್ಯಾನ್" ಅಂದರೆ ಮಾಡಬಹುದು, "ಕಾಂಟ್" ಅಂದರೆ ಮಾಡಲಾಗದು. ನಮ್ಮ ವೃತ್ತಿಯವರ ದುಃಸ್ವಪ್ನ ಇದು. ಅಮೆರಿಕನ್ನರು, ಅದರಲ್ಲೂ ಟೆಕ್ಸಸ್‌ನವರು, ಎರಡನ್ನೂ ಒಂದೇ ಸ್ವರದಲ್ಲಿ ಎಳೆದು ಕೊನೆಯ "ಟ್" ಅನ್ನು ನುಂಗಿಬಿಡುತ್ತಾರೆ. ಮುಂದೆ ಇಲ್ಲಿನ ಹಾಗೆ "ಸೆಟ್ ಅಸೈಡ್", ಅಂದರೆ ಪಕ್ಕಕ್ಕೆ ಸರಿಸು, ಬಂದರಂತೂ ಆ "ಟ್"ನ ಸುಳಿವೇ ಸಿಗುವುದಿಲ್ಲ. ಆಗ ನಾವು ಒತ್ತನ್ನು ನೋಡುತ್ತೇವೆ. "ಕ್ಯಾನ್" ಅನ್ನುವವರು ಅದನ್ನು ತೇಲಿಸಿ ಮುಂದೆ ಹೋಗುತ್ತಾರೆ, "ಕಾಂಟ್" ಅನ್ನುವವರು ಅದರ ಮೇಲೆ ನಿಲ್ಲುತ್ತಾರೆ. ಇಲ್ಲಿ ಒತ್ತು ಇದ್ದಂತೆ ಅನ್ನಿಸಿತು. ಆದರೆ ಸರಿಯಾಗಿ ಆ ಕ್ಷಣಕ್ಕೇ ಕುರ್ಚಿಯೊಂದು ಧಡಾರೆಂದು ಸದ್ದು ಮಾಡಿ ಎಲ್ಲವನ್ನೂ ಕೆಡಿಸಿತ್ತು.

ಹಿಂದುಮುಂದು ಏನನ್ನೂ ಹೇಳದೆ ನನ್ನವರನ್ನು ಕರೆದು ಆ ತುಣುಕು ಕೇಳಿಸಿದೆ.

"ಕ್ಯಾನ್," ಅಂದರು. ಕಾಫಿ ಕುಡಿದು ಬಂದ ಮೇಲೆ ಮತ್ತೆ ಕೇಳಿಸಿದೆ. "ಕಾಂಟ್," ಅಂದರು.

"ಎರಡರಲ್ಲಿ ಯಾವುದು?"

"ನಿನಗೆ ಯಾವುದು ಬೇಕು ಹೇಳು, ಅದನ್ನೇ ಕೇಳಿಸ್ಕೋತೀನಿ."

ನಕ್ಕೆ, ಆದರೆ ಮಾತು ನಾಟಿತು. ನನಗೂ "ಕ್ಯಾನ್" ಬೇಕಾಗಿತ್ತು. ಆ ನ್ಯಾಯಾಧೀಶರ ಕೆಲವು ತೀರ್ಪುಗಳನ್ನು ಓದಿ ನಾನೇ ಊಟದ ಮೇಜಿನಲ್ಲಿ ಸಿಡುಕಿದ್ದುಂಟು. ಬೇಕಾದದ್ದನ್ನು ಕೇಳಿಸಿಕೊಳ್ಳುವ ಕಿವಿಗೆ ನಮ್ಮ ವೃತ್ತಿಯಲ್ಲಿ ಜಾಗವಿಲ್ಲ.

ಸಂಜೆ ವಕೀಲೆಗೆ ಇದ್ದದ್ದನ್ನು ಹೇಳಿದೆ. ಅವಳ ಹತ್ತಿರ ಪರಿಹಾರ ಸಿದ್ಧವಾಗಿತ್ತು. "ಇನ್‌ಆಡಿಬಲ್ ಅಂತ ಹಾಕಿಬಿಡಿ. ಅದು ಸುಳ್ಳಲ್ವಲ್ಲ? ಟೇಪ್ ಪ್ಲೇ ಮಾಡಿದ್ರೆ ಆ ನಗೂನೇ ಸಾಕು."

ನಿಯಮದ ಪ್ರಕಾರ ಅವಳು ಹೇಳಿದ್ದು ಸರಿ. ಕೇಳಿಸದ ಪದಕ್ಕೆ "ಕೇಳಿಸುತ್ತಿಲ್ಲ" ಎಂದು ಬರೆದರೆ ಯಾರೂ ತಪ್ಪೆನ್ನುವಂತಿಲ್ಲ. ಆದರೆ ನಾನು ಬಿಟ್ಟ ಖಾಲಿ ಜಾಗವನ್ನು ದೇಶದ ಜನ ಆ ನಗುವಿನಿಂದ ತುಂಬಿಕೊಳ್ಳುತ್ತಾರೆ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಹೂಂ ಅನ್ನದೆ ಅವಳು ಕಳಿಸಿದ್ದ ಕಡತವನ್ನು ಮತ್ತೆ ಮೊದಲಿಂದ ತೆರೆದೆ. ಕ್ಯಾಸೆಟ್ಟಿನ ಲೇಬಲ್ಲಿನ ಫೋಟೋ ಒಂದಿತ್ತು. ಅದರಲ್ಲಿ ಇಂಗ್ಲಿಷಿನ ವಿವರದ ಕೆಳಗೆ ಸಣ್ಣಗೆ ಏನೋ ಗೀಚಿತ್ತು. ಪಟ್ಟಿ ಮಾಡಿದವರು "ಅಲಂಕಾರಿಕ ಗೆರೆಗಳು" ಎಂದು ನಮೂದಿಸಿದ್ದರು. ದೊಡ್ಡದು ಮಾಡಿ ನೋಡಿದೆ.

"ಎಡಗಡೆ ಮೈಕ್ ಕೈ ಕೊಟ್ಟದ. ಬಲಗಡೆದ್ದು ಕೇಳ್ರಿ."

ಕೂತಲ್ಲೇ ಜೋರಾಗಿ ನಕ್ಕುಬಿಟ್ಟೆ. ಹೂಸ್ಟನ್ನಿನ ಲಾ ಕಾಲೇಜಿನ ಕ್ಯಾಸೆಟ್ಟಿನ ಮೇಲೆ ಅಚ್ಚ ಧಾರವಾಡದ ಕನ್ನಡ! ನಮಗೆ ಸಿಕ್ಕಿದ್ದು ಎಡಗಡೆಯ ಧ್ವನಿ ಮಾತ್ರ.

ಬರೆದವರನ್ನು ಹುಡುಕಲು ಮೂರು ಫೋನ್ ಸಾಕಾಯಿತು. ಹೂಸ್ಟನ್ ಕಡೆಯ ಕನ್ನಡ ಬಳಗದ ಒಬ್ಬ ಆಂಟಿ, "ಲಾ ಕಾಲೇಜಲ್ಲಿ ಸೌಂಡ್ ನೋಡ್ಕೊಳ್ತಿದ್ದವರಾ? ನಮ್ಮ ರಾಜ್ಯೋತ್ಸವಕ್ಕೆ ಮೈಕ್ ಕಟ್ಟೋರೂ ಅವರೇ, ರಿಟೈರ್ ಆಗಿ ಇಲ್ಲೇ ಹತ್ತಿರ ಫುಲ್‌ಶೀರ್‌ನಲ್ಲಿದ್ದಾರೆ" ಎಂದು ನಂಬರ್ ಕೊಟ್ಟರು. ಆ ಅಂಕಲ್ ಫೋನ್ ಎತ್ತಿದವರೇ, "ಹೌದ್ರಿ, ನಾನ ಬರದದ್ದು. ಮೂಲ ರೀಲು ನನ್ನ ಹತ್ರನ ಅದ. ಕಾಲೇಜಿನವ್ರು ಒಗೀಲಿಕ್ಕೆ ಹತ್ತಿದ್ರು, ತಂದು ಇಟ್ಕೊಂಡೀನಿ" ಅಂದರು.

ವಕೀಲೆಗೆ ಮತ್ತೆ ಫೋನ್ ಮಾಡಿದೆ. "ಈಗ ಸಹಿ ಹಾಕೋದಿಲ್ಲ. ಗುರುವಾರದವರೆಗೆ ಸಮಯ ಕೊಡು. ನಾನು ಫುಲ್‌ಶೀರ್‌ಗೆ ಹೋಗಿ ಬರ್ತೀನಿ."

"ಆಂಟಿ, ಅದು 'ಕಾಂಟ್' ಅಂತ ಆಗ್ಬಿಟ್ರೆ?"

"ಆದರೆ ಆಯಿತು."

"ಸೆನೆಟರ್‌ಗೆ ನಾನೇನು ಹೇಳ್ಲಿ?"

"ತಪ್ಪು ಟೇಪ್ ತೋರಿಸಿದ ಮಾರನೇ ದಿನ ಅವರ ಕಡೆಯವರು ಸರಿಯಾದ ಟೇಪ್ ತಂದರೆ ಏನು ಹೇಳ್ತೀಯ?"

"ಡ್ರೈವ್ ಸೇಫ್, ಆಂಟಿ," ಅಂದಳು ಕೊನೆಗೆ.

ಬುಧವಾರ ಎರಡು ಕೆಲಸಗಳನ್ನು ಬೇರೆಯವರಿಗೆ ವಹಿಸಿ, ಯಂತ್ರ, ರೆಕಾರ್ಡರ್, ವೈರುಗಳನ್ನು ಕಾರಿಗೆ ತುಂಬಿ ಬೆಳಿಗ್ಗೆಯೇ ಡ್ಯಾಲಸ್ ಬಿಟ್ಟೆ. ಸುಮಾರು ನಾಲ್ಕು ತಾಸಿನ ದಾರಿ. ಫುಲ್‌ಶೀರ್‌ನಲ್ಲಿ ಇನ್ನೂ ಮರ ಬೆಳೆಯದ ಹೊಸ ಬೀದಿಯೊಂದರಲ್ಲಿ ಅಂಕಲ್ ಅಂಗಳಕ್ಕೇ ಬಂದು ನಿಂತಿದ್ದರು.

"ಬರ್ರಿ ತಂಗಿ, ಬರ್ರಿ. ಮೊದ್ಲ ಊಟ, ಆಮ್ಯಾಲ ಸುಪ್ರೀಂ ಕೋರ್ಟ್."

ಊಟ ಆಮೇಲಾಗಲಿ ಎಂದು ಬೇಡಿಕೊಂಡೆ. ಗ್ಯಾರೇಜಿನಲ್ಲಿ ಕಾರಿಗೆ ಜಾಗವೇ ಇರಲಿಲ್ಲ; ಗೋಡೆಯುದ್ದಕ್ಕೂ ಹಳೆಯ ಆಂಪ್ಲಿಫೈಯರ್, ಸ್ಪೀಕರ್, ರೀಲು ಸುತ್ತುವ ಯಂತ್ರಗಳು. ಅವರು ರೀಲನ್ನು ಹತ್ತಿಯಿಂದ ಒರೆಸಿ ಏರಿಸಿ, ಬಲಗಡೆಯ ತಂತಿಯನ್ನು ಮಾತ್ರ ನನ್ನ ರೆಕಾರ್ಡರಿಗೆ ಸೇರಿಸಿದರು. ಧ್ವನಿ ಗಂಟೆ ಹೊಡೆದಂತೆ ಸ್ವಚ್ಛವಾಗಿತ್ತು. ಕೈದಿಗಳು, ಪೆನ್ಸಿಲ್ಲಿನ ಅಕ್ಷರ, ತಪ್ಪು ಕಾಗುಣಿತ, ಎಲ್ಲವೂ ಸ್ಪಷ್ಟವಾಗಿ ಬಂದವು. "ಇಂಥ ಅರ್ಜಿಗಳನ್ನು ನಾವು..." ಧಡಾರ್!

ಕುರ್ಚಿಯ ಸದ್ದು ಬಲಗಡೆ ಇನ್ನೂ ಜೋರಾಗಿತ್ತು. ಆಮೇಲೆ ನಗುವೋ ನಗು. ಅದರಡಿ ನ್ಯಾಯಾಧೀಶರು ಇನ್ನೂ ಏನೋ ಹೇಳುತ್ತಿದ್ದರು, ಒಂದಕ್ಷರವೂ ತಿಳಿಯಲಿಲ್ಲ. ನನ್ನ ಮುಖ ಬಾಡಿತು. ಅಂಕಲ್ ಮಾತ್ರ ತೊಡೆ ತಟ್ಟಿಕೊಂಡು ನಗುತ್ತಿದ್ದರು.

"ಆ ಸಪ್ಪಳ ನಂದ್ರಿ!"

"ಅಂದ್ರೆ?"

"ನಾನ ಬಿದ್ದದ್ದು! ಎಡಗಡೆ ಮೈಕ್ ಕೆಟ್ಟಿತ್ತಲ್ಲ, ವೈರ್ ನೋಡೂಣು ಅಂತ ಬಗ್ಗಿಕೊಂಡು ಹೊಂಟಿದ್ದೆ. ಮೊದ್ಲನೇ ಸಾಲಿನ ಕುರ್ಚಿ ಕಾಲಿಗೆ ಸಿಗ್ತು, ಕುರ್ಚಿ ಸಮೇತ ಧಡ್ ಅಂತ ಬಿದ್ದೆ. ಮಂದಿ ನಕ್ಕದ್ದು ನನ್ನ ನೋಡಿ. ಜಡ್ಜ್ ಸಾಹೇಬ್ರ ಮಾತಿಗೆ ಯಾರೂ ನಕ್ಕಿಲ್ರಿ."

ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು: "ಇಪ್ಪತ್ತು ವರ್ಷದ ಹಿಂದ ಬಿದ್ದದ್ದನ್ನ ಇವತ್ತ ಸೆನೆಟ್‌ಗೆ ಮುಟ್ಟಸ್ತೀರೇನು?"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವಿನ ಒಗಟು ಬಗೆಹರಿದಿತ್ತು. ಆದರೆ ನನಗೆ ಬೇಕಾದ ಪದ ಇನ್ನೂ ಆ ಕುರ್ಚಿಯ ಕೆಳಗೇ ಇತ್ತು. ರೊಟ್ಟಿ, ಎಣ್ಣೆಗಾಯಿ ಉಣ್ಣುತ್ತಾ ಅಂಕಲ್‌ಗೆ ಕೇಳಿದೆ: "ಮೊದಲನೇ ಸಾಲಿನಲ್ಲಿ ಯಾರು ಕೂತಿದ್ರು, ನೆನಪಿದೆಯಾ?"

ಅವರ ತುತ್ತು ಕೈಯಲ್ಲೇ ನಿಂತಿತು. "ಒಬ್ಬ ಕಿವುಡ ಹುಡುಗಿ ಓದ್ಲಿಕ್ಕಿದ್ಲರಿ. ಆಕಿ ಸಲುವಾಗಿ ಒಬ್ಬ ಹೆಣ್ಮಗಳು ಪಕ್ಕದಾಗ ಕೂತು ಎಲ್ಲಾ ಟೈಪ್ ಮಾಡ್ತಿದ್ಲು, ನಿಮ್ಮಂಥದ ಮಷೀನ್. ನನ್ನ ಎಬ್ಬಿಸಿದಾಕೀನೂ ಆಕೀನ! ಈಗ ಆಸ್ಟಿನ್ ಆಚಿ ಜಾರ್ಜ್‌ಟೌನ್‌ನಾಗ ಇರ್ತಾಳ. ವರ್ಷಾ ಕ್ರಿಸ್‌ಮಸ್ ಕಾರ್ಡ್ ಬರ್ತದ ನೋಡ್ರಿ."

ಅಂಕಲ್ ಅಲ್ಲಿಂದಲೇ ಆಕೆಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಆಕೆ ಇಂಗ್ಲಿಷಿನಲ್ಲಿ, "ಆ ವರ್ಷದ ಪೆಟ್ಟಿಗೆ ಮೇಲಿನ ಕಪಾಟಿನಲ್ಲಿದೆ. ಏಣಿ ಹತ್ತೋದಕ್ಕೆ ಬರುತ್ತಾ ನಿನಗೆ?" ಅಂದರು.

ಬ್ಯಾಸ್ಟ್ರಾಪ್ ಊರಿನ ಮೇಲೆ ಹಾದು, ಆಸ್ಟಿನ್ನಿನ ಟ್ರಾಫಿಕ್ಕಿಗೆ ಸಿಗದಂತೆ ಟೋಲ್ ರಸ್ತೆ ಹಿಡಿದು ಜಾರ್ಜ್‌ಟೌನ್ ತಲುಪಿದಾಗ ಬಿಸಿಲು ಇನ್ನೂ ಇತ್ತು. ಬಾಗಿಲು ತೆರೆದವರು ಎಂಬತ್ತರ ಆಸುಪಾಸಿನ ಎತ್ತರದ ಅಮೆರಿಕನ್ ಹೆಂಗಸು, ಕೆಂಪು ಕನ್ನಡಕ, ಕಾಲಲ್ಲಿ ಕೌಬಾಯ್ ಬೂಟು. ನಾನು ಏಣಿ ಹತ್ತಿ ಪೆಟ್ಟಿಗೆ ಇಳಿಸಿದೆ. ಒಳಗೆ ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದದ ಪಟ್ಟಿಗಳು. ಹಿಂದೆ ಶೀಘ್ರಲಿಪಿ ಯಂತ್ರ ಬೆರಳುಗಳ ಒಂದೊಂದು ಒತ್ತನ್ನೂ ಹೀಗೆ ಒಂದೊಂದು ಸಾಲಾಗಿ ಮುದ್ರಿಸುತ್ತಿತ್ತು. ಕಟ್ಟಿದ್ದ ರಬ್ಬರ್ ಬ್ಯಾಂಡುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು, ಅಕ್ಷರಗಳು ಮಾತ್ರ ಮಾಸಿರಲಿಲ್ಲ.

ಪ್ರತಿ ಶೀಘ್ರಲಿಪಿಗಾರರಿಗೂ ತಮ್ಮದೇ ಸಂಕ್ಷೇಪಗಳಿರುತ್ತವೆ. ಇನ್ನೊಬ್ಬರದನ್ನು ಪೂರ್ತಿ ಓದುವುದು ಸುಲಭವಲ್ಲ. ಹಾಗಾಗಿ ಆಕೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾ ಹೋದರು, ನಾನು ನನ್ನ ಯಂತ್ರದಲ್ಲಿ ಬರೆಯುತ್ತಾ ಹೋದೆ. ಬೇಕಾದ ಜಾಗ ಬಂದಾಗ ಆಕೆಯ ಬೆರಳು ನಿಂತಿತು.

"ಇಲ್ಲಿ ನೋಡು. ಒಂದು ಸಾಲು: ಕ್ಯಾನ್. ಅದರ ಕೆಳಗೆ ಇನ್ನೊಂದು ಸಾಲು: ನಾಟ್."

"ಎರಡು ಒತ್ತು ಯಾಕೆ? 'ಕಾಂಟ್' ಅಂತ ಒಂದೇ ಒತ್ತಿನಲ್ಲಿ ಬರೀಬಹುದಲ್ಲ?"

"ನಾನು ಯಾವತ್ತೂ ಹಾಗೆ ಬರೆದಿಲ್ಲ. ಒಂದು ಬೆರಳು ಜಾರಿದರೆ 'ಕಾಂಟ್' ಹೋಗಿ 'ಕ್ಯಾನ್' ಆಗುತ್ತೆ, ಯಾರೋ ನಿರಪರಾಧಿ ಜೈಲಿಗೆ ಹೋಗ್ತಾನೆ. ಎರಡು ಒತ್ತಿದರೆ ಅನುಮಾನ ಇಲ್ಲ. ಮೊದಲ ದಿನವೇ ನನ್ನ ಟೀಚರ್ ಕಲಿಸಿದ್ದು."

ಮುಂದಿನ ಸಾಲನ್ನು ಓದುವಾಗ ಆಕೆಗೇ ನಗು ಬಂತು. ಆವರಣದಲ್ಲಿ ಬರೆದಿತ್ತು: ಸೌಂಡ್ ನೋಡಿಕೊಳ್ಳುವವರು ಕುರ್ಚಿ ಸಮೇತ ಬಿದ್ದರು, ಎಲ್ಲರೂ ನಗುತ್ತಿದ್ದಾರೆ, ಅವರಿಗೆ ಏನೂ ಆಗಿಲ್ಲ.

"ಆ ಹುಡುಗಿಗೆ ಎಲ್ಲರೂ ಯಾಕೆ ನಗ್ತಿದ್ದಾರೆ ಅಂತ ಗೊತ್ತಾಗಬೇಕಲ್ಲ," ಅಂದರು. "ನಗು ಅಂತ ಮಾತ್ರ ಬರೆದರೆ ತನ್ನನ್ನೇ ನೋಡಿ ನಕ್ಕರು ಅಂದುಕೊಳ್ತಾಳೆ."

ಅದಾದ ಮೇಲೆ ಯಾವ ಟೇಪಿನಲ್ಲೂ ಇಲ್ಲದ, ನಗುವಿನಲ್ಲಿ ಮುಳುಗಿಹೋಗಿದ್ದ ಎರಡು ವಾಕ್ಯಗಳಿದ್ದವು. ನಾನು ಎರಡು ಸಲ ಓದಿಸಿಕೊಂಡೆ. ಅಂಗಳಕ್ಕೆ ಬಂದು ವಕೀಲೆಗೆ ಫೋನ್ ಮಾಡಿದೆ.

"ಕಾಂಟ್," ಅಂದೆ. "ಅನುಮಾನವೇ ಇಲ್ಲ. ಇಂಥ ಅರ್ಜಿಗಳನ್ನು ಪಕ್ಕಕ್ಕೆ ಸರಿಸಲಾಗದು ಅಂದಿದ್ದಾರೆ."

ಆ ಕಡೆ ಉದ್ದನೆಯ ನಿಟ್ಟುಸಿರು. "ಆಂಟಿ, ನನ್ನ ಬೆಸ್ಟ್ ಎಗ್ಸಿಬಿಟ್‌ನ ಸಾಯಿಸಿಬಿಟ್ರಿ."

"ಇನ್ನೂ ಮುಗಿದಿಲ್ಲ, ಕೇಳು. ಮುಂದಿನದು ಟೇಪಿನಲ್ಲಿ ಇಲ್ಲ, ಇವರ ಕಾಗದದಲ್ಲಿ ಮಾತ್ರ ಇದೆ." ಓದಿದೆ: "ಪುಟ ಹೆಚ್ಚಾಯಿತು, ಅಂಚು ಸರಿಯಿಲ್ಲ ಎಂದು ಬಡವನ ಅರ್ಜಿಯನ್ನು ತಳ್ಳಿಹಾಕುವ ನ್ಯಾಯಾಧೀಶ ನಿಯಮ ಪಾಲಿಸುತ್ತಿಲ್ಲ. ಆತ ಓದುವ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದಾನೆ."

"ಸ್ಟಾಪ್. ಇನ್ನೊಂದ್ಸಲ ಓದಿ."

ಓದಿದೆ. ಫೋನಿನಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಆಮೇಲೆ ಪುಟ ಮಗುಚುವ ಸದ್ದು. "ಆಂಟಿ! ಆರು ವರ್ಷದ ಹಿಂದೆ ಇವರೇ ಒಂದು ಅರ್ಜಿ ಡಿಸ್ಮಿಸ್ ಮಾಡಿದಾರೆ, ಪೇಜ್ ಲಿಮಿಟ್ ದಾಟಿದೆ ಅಂತ. ಎರಡು ಪೇಜ್! ನನ್ನ ಲಿಸ್ಟ್‌ನಲ್ಲಿ ಕೊನೇಲಿತ್ತು, ಬೋರಿಂಗ್ ಅಂತ." ಆಮೇಲೆ ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲೇ, ಅದೂ ಎಷ್ಟು ವೇಗವಾಗಿ ಎಂದರೆ ನನ್ನ ಯಂತ್ರಕ್ಕೂ ಹಿಡಿಯಲಾಗುತ್ತಿರಲಿಲ್ಲ.

ಗುರುವಾರ, ಶುಕ್ರವಾರ ಕಾಗದಪತ್ರದ ಕೆಲಸ. ಹಳೆಯ ಶೀಘ್ರಲಿಪಿಗಾರ್ತಿ ನೋಟರಿಯ ಎದುರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು: ಪಟ್ಟಿಗಳು ತಮ್ಮವು, ಅಂದಿನಿಂದ ತಮ್ಮ ಮನೆಯಲ್ಲೇ ಇವೆ, ಓದಿದ್ದು ತಾವೇ. ಫುಲ್‌ಶೀರ್ ಅಂಕಲ್ ರೀಲಿನ ಬಗ್ಗೆ ಒಂದು ಹೇಳಿಕೆ ಕೊಟ್ಟರು. ಅದರಲ್ಲಿ "ನಾನು ಬಿದ್ದೆ" ಎಂಬ ವಾಕ್ಯ ಇರಲೇಬೇಕೆಂದು ಅವರೇ ಹಟ ಹಿಡಿದರು. ನಾನು ಬಲಗಡೆಯ ಧ್ವನಿಯನ್ನೂ ಪಟ್ಟಿಗಳನ್ನೂ ಸಾಲುಸಾಲಾಗಿ ಹೋಲಿಸಿ ಪ್ರತಿ ತಯಾರಿಸಿ ಸಹಿ ಹಾಕಿದೆ. ಪೆನ್ನು ಎಲ್ಲೂ ತಡವರಿಸಲಿಲ್ಲ. ಎಲ್ಲವನ್ನೂ ವಿರೋಧ ಪಕ್ಷಕ್ಕೆ ಮಾತ್ರವಲ್ಲ, ಆಳುವ ಪಕ್ಷದ ಸದಸ್ಯರಿಗೂ ಕಳಿಸಬೇಕೆಂದು ತೀರ್ಮಾನಿಸಿದವಳು ವಕೀಲೆಯೇ. "ಟ್ರಿಕ್ ಅಲ್ಲ ಅಂತ ಗೊತ್ತಾಗ್ಲಿ," ಅಂದಳು.

ಮುಂದೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಆ ನ್ಯಾಯಾಧೀಶರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ನಮ್ಮ ಸೆನೆಟರ್ ಅವರ ವಿರುದ್ಧವೇ ಮತ ಹಾಕಿದರು. ಮತಗಳ ಲೆಕ್ಕ ಮೊದಲು ಹೇಗಿತ್ತೋ ಹಾಗೇ ಇತ್ತು. ಆದರೂ ವಿಚಾರಣೆಯ ಆ ಮಧ್ಯಾಹ್ನವನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಅವತ್ತು ಟಿವಿ ನೋಡಲು ಎಲ್ಲರೂ ಜಾರ್ಜ್‌ಟೌನ್‌ನಲ್ಲಿ ಸೇರಿದ್ದೆವು. ನಾನು ಡ್ಯಾಲಸ್‌ನಿಂದ ಹೋದೆ. ಅಂಕಲ್ ದಂಪತಿ ದೊಡ್ಡ ಪಾತ್ರೆ ಗಿರಮಿಟ್ ಹಿಡಿದುಕೊಂಡು ಬಂದರು. ಇಪ್ಪತ್ತು ವರ್ಷದ ಮೇಲೆ ಅಂಕಲ್ ಅವರನ್ನು ಮುಖಾಮುಖಿ ಕಂಡ ಮನೆಯೊಡತಿ ಮೊದಲು ಕೇಳಿದ್ದು, "ಮೊಣಕಾಲು ಹೇಗಿದೆ?" ಎಂದು.

ಪರದೆಯಲ್ಲಿ ಸೆನೆಟರ್ ಮೈಕಿನ ಗುಂಡಿ ಒತ್ತಿದರು. ಅವರ ಹಿಂದಿನ ಸಾಲಿನಲ್ಲಿ ನಮ್ಮ ವಕೀಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಸೆನೆಟರ್ ಮೂರು ವಾಕ್ಯಗಳನ್ನು ನಿಧಾನವಾಗಿ ಓದಿದರು. ನ್ಯಾಯಾಧೀಶರ ಮುಖ ಮೊದಲು ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಯಾರ ಮಾತಿದು ಎಂದು ಹುಡುಕುತ್ತಿರುವಂತಿತ್ತು.

"ಇದು ನಿಮ್ಮ ಮಾತೇ," ಅಂದರು ಸೆನೆಟರ್. "ಇದನ್ನು ನಾನು ಮೆಚ್ಚುತ್ತೇನೆ. ಈಗ ಹೇಳಿ, ಎರಡು ಪುಟ ಹೆಚ್ಚಾಯಿತೆಂದು ನೀವು ತಳ್ಳಿಹಾಕಿದ ಅರ್ಜಿಯನ್ನು ಓದಿದ್ದಿರಾ?"

ಅದುವರೆಗೆ ಎರಡು ದಿನ ಯಾವ ಪ್ರಶ್ನೆಗೂ ಸಿಗದೆ ನುಣುಚಿಕೊಂಡಿದ್ದ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪೂರ್ತಿ ಓದಿರಲಿಲ್ಲ," ಅಂದರು. "ಆ ಉಪನ್ಯಾಸ ಕೊಟ್ಟ ಯುವಕ ಹೇಳಿದ್ದು ಸರಿ. ಆ ದಿನ ಅವನ ಮಾತು ನನಗೆ ನೆನಪಿರಬೇಕಿತ್ತು."

ಗಿರಮಿಟ್‌ನ ತಟ್ಟೆ ಹಿಡಿದಿದ್ದ ಅಂಕಲ್, "ಭೇಷ್!" ಎಂದು ಕೂಗಿದರು. ಯಾರಿಗೆ ಹೇಳಿದರೋ, ಪ್ರಶ್ನೆ ಕೇಳಿದವರಿಗೋ ಒಪ್ಪಿಕೊಂಡವರಿಗೋ ಗೊತ್ತಾಗಲಿಲ್ಲ. ಇಬ್ಬರಿಗೂ ಸಲ್ಲುವಂತಿತ್ತು.

ಸೆನೆಟರ್ ತಮ್ಮ ಸರದಿ ಮುಗಿಸುವ ಮುನ್ನ, ಪ್ರಮಾಣೀಕೃತ ಹೇಳಿಕೆಯೊಂದನ್ನು ದಾಖಲೆಗೆ ಸೇರಿಸಬೇಕೆಂದು ಕೋರಿ, ಟೆಕ್ಸಸ್‌ನ ಜಾರ್ಜ್‌ಟೌನ್‌ನವರೆಂದು ಹೇಳಿ ನಮ್ಮ ಹಳೆಯ ಶೀಘ್ರಲಿಪಿಗಾರ್ತಿಯ ಪೂರ್ತಿ ಹೆಸರನ್ನು ಓದಿದರು. ಆಳುವ ಪಕ್ಷದವರಾದ ಸಮಿತಿಯ ಅಧ್ಯಕ್ಷರು ಎಡಬಲ ನೋಡಿ, "ಆಕ್ಷೇಪಣೆ ಇಲ್ಲ, ಹಾಗೇ ಆಗಲಿ" ಎಂದು ಸುತ್ತಿಗೆ ತಟ್ಟಿದರು.

ಜೀವನವಿಡೀ ಬೇರೆಯವರ ಮಾತನ್ನೇ ಬರೆದ ಆಕೆ ಎರಡೂ ಕೈಗಳನ್ನು ಬಾಯಿಯ ಮೇಲಿಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ, ಮಾತು ಮುಗಿದು ಒಂದೆರಡು ಕ್ಷಣಗಳ ಮೇಲೆ, ಕಿವಿ ಕೇಳದವರಿಗಾಗಿ ನಮ್ಮ ವೃತ್ತಿಯವರೇ ಕೇಳುತ್ತ ಕೇಳುತ್ತ ಒತ್ತುವ ಅಕ್ಷರಗಳ ಸಾಲು ಟಿವಿಯ ತಳದಲ್ಲಿ ಹರಿದು ಬಂತು. ಆಕೆಯ ಹೆಸರಿನಲ್ಲಿ ಒಂದಲ್ಲ, ಎರಡು ತಪ್ಪಿದ್ದವು.

ಆಕೆ ಕೈ ತೆಗೆದು ಪರದೆಯತ್ತ ಬಗ್ಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅಯ್ಯೋ ತಪ್ಪಾಗಿದೆಯಲ್ಲ, ಬರೆದು ತಿಳಿಸೋಣ" ಎಂದು ನಾನು ಮೇಲೇಳುತ್ತಿದ್ದಂತೆ ಕೈ ಹಿಡಿದು ಕೂರಿಸಿದರು.

"ಬಿಡು, ಪಾಪ. ನೇರಪ್ರಸಾರದಲ್ಲಿ ಬರೀತಿದ್ದಾಳೆ. ಅವಳಿಗೆ ನಾನು ಯಾರು ಅಂತ ಹೇಗೆ ಗೊತ್ತಾಗಬೇಕು? ಕೈ ನಿಲ್ಲಿಸಲಿಲ್ಲ ನೋಡು. ಒಳ್ಳೆಯ ಕೆಲಸಗಾರ್ತಿ."